ಲೈಟು ದೊಡ್ಡದು ಮಾಡಿದ್ದು

ನಮ್ಮತ್ತಿಗೆ ಯಾವತ್ತೂ ವಾದ ಮಾಡುವುದಿಲ್ಲ. ಅವರ ಮೇಲೆ ನನಗಿದ್ದ ಮೊದಲ ದೂರು ಅದೇ.

ನಾನು ಚಾಮರಾಜನಗರದಲ್ಲಿ ಓದುವಾಗ ಮೂರು ವರ್ಷವೂ ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಚೀಟಿ ಎತ್ತಿದ ಮೇಲೆ ಐದು ನಿಮಿಷ ಕೊಟ್ಟರೆ ಸಾಕು, ಯಾವ ಕಡೆ ನಿಲ್ಲಿಸಿದರೂ ನಿಂತು ಎದುರಿನವರ ಮಾತಿನ ಬುಡಕ್ಕೆ ಕೈ ಹಾಕುತ್ತಿದ್ದೆ. ಗೆದ್ದು ತಂದ ಕಪ್‌ಗಳೆಲ್ಲ ಬೇಗೂರಿನ ನಮ್ಮ ಮನೆಯ ಹಾಲಿನಲ್ಲಿ, ಟಿವಿ ಪಕ್ಕದ ಗಾಜಿನ ಬೀರುವಿನಲ್ಲಿ ಇದ್ದವು. ನನ್ನೊಂದಿಗೆ ವಾದ ಮಾಡಿ ಸೋತವರನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ವಾದವನ್ನೇ ಮಾಡದೆ ಗೆದ್ದುಕೊಂಡು ಹೋಗುವವರನ್ನು ಏನು ಮಾಡಬೇಕು ಎಂದು ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.

ಅಣ್ಣನಿಗೆ ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಚಾಮರಾಜನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಅತ್ತಿಗೆ ಹುಟ್ಟಿ ಬೆಳೆದದ್ದು ಮೈಸೂರಿನ ಕ್ವಾರ್ಟರ್ಸ್ ಒಂದರಲ್ಲಿ. ವರ್ಷ ಕಳೆದ ಮೇಲೆ ಎಲ್ಲರೂ ಒಟ್ಟಿಗೇ ಇರೋಣ ಎಂದು ಅಪ್ಪ ಮನೆ ರಿಪೇರಿಗೆ ಕೈ ಹಾಕಿದರು. ಅಪ್ಪ ಅರಿಶಿನ ಬೆಳೆಯುವವರು. ಆ ಸಲದ ಅರಿಶಿನ ಬೇಯಿಸಿ ಒಣಗಿಸಿ ಕಳಿಸಿದ ಬೆನ್ನಲ್ಲೇ ಮೇಸ್ತ್ರಿಯನ್ನು ಕರೆಸಿದರು. ನೆಲಕ್ಕೆ ಟೈಲ್ಸ್ ಆಯಿತು, ಗೋಡೆಗೆ ಪುಟ್ಟಿ ಆಯಿತು, ಹಾಲಿಗೆ ಪಿಓಪಿ ಸೀಲಿಂಗ್ ಬಂತು. ನಾನು ಹುಟ್ಟಿದಾಗಿನಿಂದ ಗೋಡೆಯ ಮೇಲಿದ್ದ ಟ್ಯೂಬ್‌ಲೈಟನ್ನು ಕಿತ್ತು ಹಿತ್ತಲ ಗೋಡೆಗೆ ಒರಗಿಸಿದರು. ಅದರ ಬದಲಿಗೆ ಸೀಲಿಂಗಿನಲ್ಲೇ ಹುದುಗಿ ಕೂರುವ ಎಲ್‌ಇಡಿ ಡೌನ್‌ಲೈಟುಗಳು ಬೇಕು, ಹನ್ನೆರಡು. ಯಾವ ಬಣ್ಣದ ಬೆಳಕು, ಎಷ್ಟು ವ್ಯಾಟಿನದು ಎಂದು ಎಲೆಕ್ಟ್ರಿಷಿಯನ್ ಕೇಳಿದ. ಅಪ್ಪ ಅವ್ವನ ಕಡೆ ತೋರಿಸಿ, ಅವಳನ್ನೇ ಕೇಳಪ್ಪ ಅಂದರು.

ಅವ್ವ ಅಡುಗೆಮನೆಯಿಂದಲೇ, "ನನ್ನೇನ್ ಕೇಳೀಯೆ, ನಮ್ ಸೊಸೆ ಕೇಳು, ಅವಳ್ಗೆ ಗೊತ್ತಾಯ್ತದ" ಅಂದಳು.

ನಾನು ಅಲ್ಲೇ, ಎಲೆಕ್ಟ್ರಿಷಿಯನ್‌ನಿಂದ ಎರಡು ಮೊಳ ದೂರದಲ್ಲಿ ನಿಂತಿದ್ದೆ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಪಾಠ ಮಾಡಿ ಬಂದು ಆಗಷ್ಟೇ ಬ್ಯಾಗು ಇಳಿಸಿದ್ದೆ. ಹಿಂದಿನ ಒಂದು ವಾರ ಮೊಬೈಲಿನಲ್ಲಿ ಲೈಟುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ನೋಟ್ಸ್ ಮಾಡಿಟ್ಟವಳು ನಾನು. ಅತ್ತಿಗೆ ನಮ್ಮ ಮನೆಗೆ ಸಾಮಾನು ಸಮೇತ ಬಂದು ಮೂರು ವಾರ ಆಗಿತ್ತು, ಅಷ್ಟೇ.

ಇದು ಲೈಟಿನಿಂದ ಶುರುವಾದದ್ದಲ್ಲ. ಅದಕ್ಕೂ ಮೊದಲು ಅವ್ವನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಜೊತೆಗಿದ್ದು ನೋಡಿಕೊಂಡದ್ದು ಅತ್ತಿಗೆ, ನನಗೆ ಆಗ ಪರೀಕ್ಷೆಯ ಡ್ಯೂಟಿ. ತಪಾಸಣೆಗೆ ಮಾತ್ರ ನಾನೂ ಹೋಗಿದ್ದೆ. ಕಣ್ಣಿನ ಡ್ರಾಪ್ಸ್ ಎರಡು ಗಂಟೆಗೊಮ್ಮೆಯೇ ಯಾಕೆ, ಮೂರು ಗಂಟೆಗೊಮ್ಮೆ ಹಾಕಿದರೆ ಏನಾಗುತ್ತದೆ, ಅದಕ್ಕೆ ಆಧಾರವೇನು ಎಂದು ಡಾಕ್ಟರನ್ನೇ ಕೇಳಿದೆ. ಡಾಕ್ಟರು ಸಮಾಧಾನವಾಗಿಯೇ ಉತ್ತರ ಕೊಟ್ಟರು. ನಾನು ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಿರುವಾಗ ಅತ್ತಿಗೆ ಗಡಿಯಾರ ನೋಡಿ, ಅವ್ವನ ತಲೆಯನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿ, ಡ್ರಾಪ್ಸ್ ಹಾಕಿ ಮುಗಿಸಿದ್ದರು. ಆಮೇಲೆ ಅವ್ವ ಬೀದಿಯವರಿಗೆಲ್ಲ ಹೇಳಿಕೊಂಡದ್ದು ಯಾವುದನ್ನು ಎಂದು ಬೇರೆ ಹೇಳಬೇಕಾಗಿಲ್ಲ.

ಲೈಟು ಆಯ್ದುಕೊಳ್ಳಲು ಒಂದು ಭಾನುವಾರ ನಾವು ಮೂವರೂ ಗುಂಡ್ಲುಪೇಟೆಗೆ ಹೋಗಿ, ಬಸ್ಸು ಬದಲಿಸಿ ಚಾಮರಾಜನಗರ ಸೇರಿದೆವು. ಬಸ್ಸಿನಲ್ಲಿ ಅವ್ವ ಮತ್ತು ಅತ್ತಿಗೆ ಒಂದು ಸೀಟು. ನಾನು ಹಿಂದಿನ ಸೀಟಿನಲ್ಲಿ ಕೂತು ಮನಸ್ಸಿನಲ್ಲೇ ಮಂಡನೆ ಸಿದ್ಧ ಮಾಡಿಕೊಂಡೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಸಾವಿರ ಅಂದರೆ ಹಳದಿ, ಆರೂವರೆ ಸಾವಿರ ಅಂದರೆ ನೀಲಿ ಬೆರೆತ ಬಿಳಿ, ನಾಲ್ಕು ಸಾವಿರ ನಡುವಿನದು. ನನ್ನ ಪಕ್ಷ ನಾಲ್ಕು ಸಾವಿರ. ಹಳದಿಯಲ್ಲಿ ನಿದ್ದೆ ಬರುತ್ತದೆ, ನೀಲಿಯಲ್ಲಿ ಆಸ್ಪತ್ರೆಯ ನೆನಪು ಬರುತ್ತದೆ, ಆದ್ದರಿಂದ ಮಾನ್ಯ ತೀರ್ಪುಗಾರರೇ, ಎಂಬ ಧಾಟಿಯಲ್ಲಿ ಕೊನೆಯವರೆಗೂ ಕಟ್ಟಿಕೊಂಡಿದ್ದೆ.

ಅಂಗಡಿಯಲ್ಲಿ ಗೋಡೆಯಷ್ಟು ಅಗಲದ ಒಂದು ಹಲಗೆ. ಅದರ ತುಂಬ ಲೈಟುಗಳು, ಒಂದೊಂದರ ಕೆಳಗೂ ಒಂದೊಂದು ಸ್ವಿಚ್ಚು. ಅಂಗಡಿಯವನು ವಾರ್ಮ್, ನ್ಯಾಚುರಲ್, ಕೂಲ್ ಎಂದು ಟಪಟಪನೆ ಒತ್ತುತ್ತಾ ಹೋದ. ನಾನು ಮಂಡನೆ ಶುರು ಮಾಡಿದೆ. ಅವ್ವ ಕೇಳುತ್ತಿರಲಿಲ್ಲ. ಒಂದು ಕೈಯಿಂದ ಬಲಗಣ್ಣು ಮುಚ್ಚುವುದು, ಲೈಟು ನೋಡುವುದು. ಎಡಗಣ್ಣು ಮುಚ್ಚುವುದು, ಅದೇ ಲೈಟು ನೋಡುವುದು. ಹೀಗೆ ನಾಲ್ಕೈದು ಸಲ ಮಾಡಿ, "ಇದೇನವ್ವ, ಈ ಕಣ್ಣಲ್ಲಿ ಸುಣ್ಣ, ಈ ಕಣ್ಣಲ್ಲಿ ಅರಿಸ್ನ. ಲೈಟು ಒಂದೇ ತಾನೆ?" ಅಂದಳು.

ಪೊರೆ ತೆಗೆದ ಕಣ್ಣಿಗೆ ಬಿಳಿ ಬಿಳಿಯಾಗಿ ಕಾಣುತ್ತದೆ, ಪೊರೆಯಿರುವ ಕಣ್ಣಿಗೆ ಎಲ್ಲವೂ ಹಳದಿ. ಎಡಗಣ್ಣಿನ ಆಪರೇಷನ್ ಇನ್ನೂ ಬಾಕಿ ಇತ್ತು. ನನ್ನ ನೋಟ್ಸಿನಲ್ಲಿ ಇಂಥ ತೀರ್ಪುಗಾರರಿರಲಿಲ್ಲ. ಯಾವ ಕಣ್ಣಿನ ತೀರ್ಪು ಎಂದು ನಾನು ತಡವರಿಸುತ್ತಿರುವಾಗ ಅತ್ತಿಗೆ ತಮ್ಮ ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ನಮ್ಮದೇ ಮನೆಯ ಅರಿಶಿನದ ಪುಡಿ. ಬೆಳಿಗ್ಗೆ ಅಡುಗೆಮನೆಯಲ್ಲಿ ಕಟ್ಟಿಕೊಂಡಿದ್ದರಂತೆ.

"ಅತ್ತೆ, ನಮ್ಮನೆ ಅರಿಶಿನ ಹೇಗಿರುತ್ತೆ ಅಂತ ನಿಮಗೆ ಕಣ್ಣು ಮುಚ್ಚಿದ್ರೂ ಗೊತ್ತು. ಯಾವ ಲೈಟಲ್ಲಿ ಇದು ಅದೇ ಥರ ಇದೆ, ನೋಡಿ ಹೇಳಿ."

ಅವ್ವ ಪೊಟ್ಟಣವನ್ನು ಅಂಗೈಯಲ್ಲಿ ಹಿಡಿದು ಹಳದಿ ಲೈಟಿನ ಕೆಳಗೆ ನಿಂತಳು. ಇದರಲ್ಲಿ ಹುಳ ಬಿದ್ದ ಅರಿಶಿನವೂ ಒಳ್ಳೆಯದಾಗಿ ಕಾಣುತ್ತದೆ, ಇದು ವ್ಯಾಪಾರದವರ ಲೈಟು ಎಂದು ತಳ್ಳಿಹಾಕಿದಳು. ಬಿಳಿಯ ಕೆಳಗೆ ಹೋಗಿ, ಇದರಲ್ಲಿ ಜೀವವೇ ಇಲ್ಲ ಅಂದಳು. ನಡುವಿನದರ ಕೆಳಗೆ ನಿಂತು ಒಂದು ಕಣ್ಣು, ಇನ್ನೊಂದು ಕಣ್ಣು, ಆಮೇಲೆ ಎರಡೂ ಕಣ್ಣು ಬಿಟ್ಟು ನೋಡಿ, "ಇದು ಕಣವ್ವ ಅರಿಸ್ನ" ಅಂದಳು.

ಅದು ನಾಲ್ಕು ಸಾವಿರ ಕೆಲ್ವಿನ್‌ನದು. ನನ್ನ ಪಕ್ಷ. ನಾನು ಒಂದು ವಾರದಿಂದ ಹೇಳುತ್ತಿದ್ದದ್ದೇ ಅದು. ಖುಷಿಪಡಬೇಕಾಗಿತ್ತು. ಬದಲಿಗೆ ಹೊಟ್ಟೆಕಿಚ್ಚಾಯಿತು. ಎದುರಿನ ತಂಡ ನನ್ನನ್ನು ಸೋಲಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನದೇ ಮಾತು ಅವರ ಕೈಯಿಂದ, ಅದೂ ಒಂದು ಚಿಟಿಕೆ ಪುಡಿಯ ಜೋರಿನಿಂದ ಗೆದ್ದಿತ್ತು. ವಾಪಸ್ಸು ಬರುವಾಗ ಅವ್ವ ಬಸ್ಸಿನಲ್ಲಿ ಸಿಕ್ಕ ಪರಿಚಯದವರಿಗೆಲ್ಲ ಆ ಪೊಟ್ಟಣದ ಕಥೆ ಹೇಳಿದಳು. ನಾಲ್ಕು ಸಾವಿರ ಎಂದು ನಾನು ಮೊದಲೇ ಹೇಳಿದ್ದೆ ಎಂಬುದು ಆ ಕಥೆಯಲ್ಲಿ ಎಲ್ಲೂ ಬರಲಿಲ್ಲ. ಹಿಂದಿನ ಸೀಟಿನಿಂದ ನಾನೇ ಅದನ್ನು ಸೇರಿಸಿದೆ. ಯಾರೂ ತಿರುಗಿ ನೋಡಲಿಲ್ಲ.

ಇನ್ನು ಉಳಿದದ್ದು ವ್ಯಾಟು. ಎಂಟು ವ್ಯಾಟಿನ ಒಂದು ಲೈಟನ್ನು ಮಾದರಿಗೆಂದು ತಂದಿದ್ದೆವು. ಎಲೆಕ್ಟ್ರಿಷಿಯನ್ ಅದನ್ನು ಸೀಲಿಂಗಿನಿಂದ ಇಳಿಬಿದ್ದ ವಯರಿಗೆ ಸಿಕ್ಕಿಸಿ ನೇತುಹಾಕಿದ. ಒಂದು ಸಂಜೆ ಇದರ ಕೆಳಗೆ ಕೂತು ನೋಡಿ, ಸಾಕು ಅಂದರೆ ಎಂಟು, ಸಾಲದು ಅಂದರೆ ಹದಿನೈದು ಹಾಕೋಣ, ಆದರೆ ಸರಿಯಾಗಿ ಯೋಚಿಸಿ ಹೇಳಿ ಅಂದ. ಹದಿನೈದರ ಲೈಟಿಗೆ ತೂತು ದೊಡ್ಡದು. ಒಂದು ಸಲ ಸೀಲಿಂಗಿನಲ್ಲಿ ದೊಡ್ಡ ತೂತು ಕೊರೆದರೆ ಚಿಕ್ಕ ಲೈಟು ಅದರಲ್ಲಿ ನಿಲ್ಲುವುದಿಲ್ಲ, ಕೆಳಗೆ ಬೀಳುತ್ತದೆ.

ಇಲ್ಲಿ ನಮ್ಮ ಮನೆಯ ಒಂದು ಮಾತನ್ನು ಹೇಳಬೇಕು. ನಮ್ಮಲ್ಲಿ ದೀಪವನ್ನು 'ಆರಿಸು' ಅನ್ನುವುದಿಲ್ಲ. ಮನೆಯ ದೀಪ ಆರುವುದು ಅಂದರೆ ಬೇರೆಯೇ ಅರ್ಥ ಬರುತ್ತದೆ, ಆ ಮಾತು ಬಾಯಲ್ಲಿ ಬರಬಾರದು. ಆರಿಸಬೇಕಾದರೆ 'ದೊಡ್ಡದು ಮಾಡು' ಅನ್ನುತ್ತಾರೆ. ಎಣ್ಣೆ ದೀಪದ ಕಾಲದ ಮಾತು. ಅವ್ವ ಅದನ್ನು ತನ್ನ ತವರಿನಿಂದ ತಂದು ಟ್ಯೂಬ್‌ಲೈಟಿಗೂ ಹಚ್ಚಿದ್ದಳು. ನನಗೆ ಐದಾರು ವರ್ಷ ಇರುವಾಗ, ಆರಿಸಿದರೆ ಇಲ್ಲವಾಗುತ್ತದೆ, ಇಲ್ಲವಾದದ್ದು ದೊಡ್ಡದು ಹೇಗಾಗುತ್ತದೆ ಎಂದು ನಾನು ಅವಳೊಂದಿಗೆ ಜಗಳಕ್ಕೆ ನಿಂತಿದ್ದೆ. ಅವಳು ಉತ್ತರ ಕೊಡಲಿಲ್ಲ, ನನ್ನ ಬೆರಳು ಹಿಡಿದು ಸ್ವಿಚ್ಚಿನ ಮೇಲೆ ಇಟ್ಟಳು. ಅಂದಿನಿಂದ ಸ್ವಿಚ್‌ಬೋರ್ಡಿನ ಪಕ್ಕದ ಕುರ್ಚಿ ನನ್ನದು. ವರ್ಷ ಕಳೆದ ಹಾಗೆ ಅವಳು ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ. ತಲೆ ಎತ್ತಿ ನನ್ನ ಕಡೆ ನೋಡಿದರೆ ಸಾಕು, ನಾನು ಲೈಟು ದೊಡ್ಡದು ಮಾಡುತ್ತಿದ್ದೆ. ಅತ್ತಿಗೆ ಬಂದ ಆ ಮೂರು ವಾರದಲ್ಲೂ ಹಾಗೇ ನಡೆದಿತ್ತು.

ಆ ಸಂಜೆ ಗೋಡೆಗೆ ಬಣ್ಣ ಬಳಿದಿದ್ದರಿಂದ ಕುರ್ಚಿಗಳೆಲ್ಲ ಅದಲುಬದಲಾಗಿದ್ದವು. ನಾನು ಬಾಗಿಲ ಹತ್ತಿರ ಇದ್ದೆ. ಸ್ವಿಚ್‌ಬೋರ್ಡಿನ ಪಕ್ಕ ಅತ್ತಿಗೆ ಕೂತಿದ್ದರು. ಲೈಟು ಹಾಕಿದ ಕೂಡಲೇ ಅವ್ವ ದಿನದ ಹಾಗೆ ಅದಕ್ಕೆ ಕೈಮುಗಿದಳು. ಕಣ್ಣೆದುರೇ ಜೋತಾಡುವ ಎಂಟು ವ್ಯಾಟಿಗೆ ಕೈಮುಗಿದದ್ದಕ್ಕೆ ಅವ್ವನೂ ಸೇರಿ ನಾವು ಮೂವರೂ ನಕ್ಕೆವು. ಸ್ವಲ್ಪ ಹೊತ್ತು ಬಟಾಣಿ ಬಿಡಿಸುತ್ತಾ ಕೂತವಳು ಕಣ್ಣು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಆಮೇಲೆ ತಲೆ ಎತ್ತಿ ಅಭ್ಯಾಸದ ಮೇಲೆ ಸ್ವಿಚ್‌ಬೋರ್ಡಿನ ಕಡೆಗೆ ನೋಡಿ, ಅಲ್ಲಿದ್ದವರಿಗೆ ಹೇಳಿದಳು.

"ಅಮ್ಮಯ್ಯ, ಆ ಲೈಟ ವಸಿ ದೊಡ್ಡದ್ ಮಾಡವ್ವ."

ವಸಿ ಅಂದರೆ ಸ್ವಲ್ಪ. ಅವ್ವ ಅದನ್ನು ಬರೀ ಮೃದುವಾಗಿ ಕೇಳುವುದಕ್ಕೆ ಬಳಸುತ್ತಾಳೆ. ವಸಿ ಬಾ, ವಸಿ ಕೂತ್ಕೊ. ಆದರೆ ಹೊಸಬರ ಕಿವಿಗೆ ಆ ಒಂದು ಪದ ಸೇರಿ ಅರ್ಥ ಪೂರ್ತಿ ತಿರುಗಿ ನಿಂತಿತು. ಅತ್ತಿಗೆ ಲೈಟನ್ನು ನೋಡಿದರು, ಅವ್ವನನ್ನು ನೋಡಿದರು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಅತ್ತೆಗೆ ಬೆಳಕು ಸಾಲ್ತಿಲ್ಲ ಅಲ್ವಾ?"

ನೇರ ಪ್ರಶ್ನೆ. ನನಗೆ ಉತ್ತರ ಗೊತ್ತಿತ್ತು. ಇಡೀ ಜಗತ್ತಿನಲ್ಲಿ ಆ ಉತ್ತರ ನನ್ನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಅವ್ವ ನನಗೆ ಹೇಳುತ್ತಿದ್ದ ಮಾತನ್ನು ಅವರಿಗೆ ಹೇಳಿದ್ದಳು, ಅದೂ 'ಅಮ್ಮಯ್ಯ' ಎಂದು ಮುದ್ದಿನಿಂದ ಕರೆದು.

"ಅವ್ವ ಹೇಳಿದ್ದು ನಿಮಗೇ ಕೇಳಿಸ್ತಲ್ಲ ಅತ್ತಿಗೆ" ಅಂದೆ.

ಇದು ಸುಳ್ಳಲ್ಲ. ಇಂಥ ವಾಕ್ಯಗಳನ್ನು ಕಟ್ಟುವುದರಲ್ಲಿ ನಾನು ಪಳಗಿದವಳು. ಅವ್ವ ಇನ್ನೂ ಸ್ವಲ್ಪ ಹೊತ್ತು ಕಾದಳು. ಸೊಸೆ ಏಳದಿದ್ದುದನ್ನು ನೋಡಿ ಬಟಾಣಿಯ ಮೊರ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಬೆಳಕು ಸಾಲದೆ ಎದ್ದುಹೋದರು ಎಂದು ಅತ್ತಿಗೆ ನೊಂದುಕೊಂಡರು. ಆವತ್ತೇ ಅಂಗಡಿಗೆ ಫೋನ್ ಮಾಡಿ ಹದಿನೈದು ವ್ಯಾಟಿನವು ಹನ್ನೆರಡು ಎಂದು ಹೇಳಿಬಿಟ್ಟರು.

ನನಗೆ ಎರಡು ದಿನ ಇತ್ತು. ಆ ಎರಡು ದಿನವೂ ಗುಂಡ್ಲುಪೇಟೆಯ ಬಸ್ಸಿನಲ್ಲಿ ನಾನು ನನ್ನ ಪರವಾಗಿಯೇ ವಾದಿಸಿಕೊಂಡೆ. ಅತ್ತಿಗೆ ಅವ್ವನನ್ನೇ ಕೇಳಬಹುದಿತ್ತು, ಕೇಳಲಿಲ್ಲ. ವರ್ಷದಿಂದ ಈ ಮನೆಯ ಸೊಸೆ, ಮನೆಯ ಮಾತು ಕಲಿಯಬೇಕಾದದ್ದು ಅವರ ಜವಾಬ್ದಾರಿ. ಮೇಲಾಗಿ ಬೆಳಕು ಹೆಚ್ಚಾದರೆ ನಷ್ಟವೇನು? ಮೂರೂ ಗಟ್ಟಿಯಾದ ಅಂಶಗಳೇ. ಇವುಗಳ ಹಿಂದೆ ನಾಲ್ಕನೆಯದೊಂದು ಇತ್ತು, ಅದನ್ನು ವೇದಿಕೆಯ ಮೇಲೆ ಹೇಳಲಾಗುವುದಿಲ್ಲ: ಅವರೂ ಒಂದು ಸಲ ಅವ್ವನ ಮುಂದೆ ಸೋಲಲಿ.

ಎರಡನೆಯ ದಿನ ಮನೆಗೆ ಬಂದಾಗ ಸೀಲಿಂಗ್ ಕೊರೆಯುವ ಸದ್ದು ಗೇಟಿಗೇ ಕೇಳಿಸಿತು. ಒಳಗೆ ಹೋಗಿ ನೋಡಿದರೆ ಎರಡು ತೂತು ಮುಗಿದಿದ್ದವು, ಇನ್ನೂ ಹತ್ತು ಬಾಕಿ. ಕೆಳಗೆ ಹಾಸಿದ ಗೋಣಿಚೀಲದ ಮೇಲೆ ಎರಡು ಬಿಳಿಯ ದುಂಡನೆ ತುಂಡುಗಳು ಬಿದ್ದಿದ್ದವು, ಅಕ್ಕಿರೊಟ್ಟಿಯಷ್ಟು ಅಗಲ. ಆಗಲೂ ನಿಲ್ಲಿಸಿ ಅನ್ನಬಹುದಿತ್ತು. ನಾನು ಅಡುಗೆಮನೆಗೆ ಹೋಗಿ ಎಲ್ಲರಿಗೂ ಟೀ ಮಾಡಿದೆ. ಮೂರನೆಯ ತೂತು, ನಾಲ್ಕನೆಯದು ಎಂದು ಹಾಲು ಉಕ್ಕುವವರೆಗೂ ಎಣಿಸಿದೆ.

ಸಂಜೆ ಅಣ್ಣ ಬದನಗುಪ್ಪೆಯಿಂದ ಬಂದ ಮೇಲೆ ಲೈಟು ಹಾಕಿದರು. ಹನ್ನೆರಡೂ ಒಟ್ಟಿಗೆ. ಬಣ್ಣ ಅದೇ ನಾಲ್ಕು ಸಾವಿರದ್ದೇ, ಆದರೆ ಹೊಸ ಟೈಲ್ಸಿನ ನೆಲ ಕನ್ನಡಿಯಾಗಿ, ನೆಲದಲ್ಲಿ ಇನ್ನೂ ಹನ್ನೆರಡು ಲೈಟು ಹೊತ್ತಿಕೊಂಡವು. ನನ್ನ ಕಪ್‌ಗಳ ಮೇಲಿನ ಧೂಳು ಸಮೇತ ಕಾಣುತ್ತಿತ್ತು. ಅಣ್ಣ ಬಸ್‌ಸ್ಟ್ಯಾಂಡಿಗೆ ಬಂದವನ ಹಾಗೆ ಬಾಗಿಲಲ್ಲೇ ನಿಂತು, "ಬಸ್ ಎಷ್ಟೊತ್ಗಮ್ಮಿ, ಊಟಿಗಾ ಕೇರಳಕ್ಕಾ?" ಅಂದ. ಎಲೆಕ್ಟ್ರಿಷಿಯನ್ ತನ್ನ ಮೇಲೆ ಬರಬಾರದೆಂದು ಮೊದಲೇ ಹೇಳಿದ: "ಮೇಡಮ್ಮೋರು ಹದ್ನೈದು ಅಂತ ಯೋಳುದ್ರು, ನಾನ್ ಆಕ್ಬುಟ್ಟೆ ಕಣಣ್ಣ."

ಅವ್ವ ಬಂದಳು. ಕೈಮುಗಿಯಲು ಎರಡೂ ಕೈ ಎತ್ತಿದವಳು ಅವನ್ನು ಹಾಗೇ ಕಣ್ಣಿನ ಮೇಲೆ ಮುಚ್ಚಿಕೊಂಡಳು.

"ದೊಡ್ಡದ್ ಮಾಡವ್ವ, ದೊಡ್ಡದ್ ಮಾಡು."

ಅತ್ತಿಗೆಯ ಮುಖ ಬಾಡಿತು. "ಇನ್ನೂ ದೊಡ್ಡದಾ ಅತ್ತೆ? ಇದಕ್ಕಿಂತ ದೊಡ್ಡದು ಇಲ್ಲ ಅಂದ್ರು ಅಂಗಡಿಯವರು."

ಅಣ್ಣ ಮೊದಲು ನಕ್ಕ. ಆಮೇಲೆ ಅವನಿಗೆ ಹೊಳೆಯಿತು. ತಾನೇ ಹೋಗಿ ಸ್ವಿಚ್ಚು ಒತ್ತಿ ಎಲ್ಲವನ್ನೂ ಆರಿಸಿ, ದೊಡ್ಡದು ಮಾಡು ಅಂದರೆ ಇದು ಎಂದು ಹೆಂಡತಿಗೆ ತಿಳಿಸಿ ಹೇಳಿದ. ಹೊರಗೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬಾಗಿಲಿನಿಂದ ಬರುತ್ತಿದ್ದ ಸಂಜೆಬೆಳಕಿನಲ್ಲಿ ಅತ್ತಿಗೆ ತಲೆಯ ಮೇಲೆ ಕೈಯಿಟ್ಟುಕೊಂಡು, ಅಯ್ಯೋ ಅವತ್ತು ನೀವು ಆರಿಸು ಅಂದಿದ್ರಾ ಎಂದು ಮತ್ತೆ ಮತ್ತೆ ಕೇಳಿದರು. ನಾನು ಇದೇ ಗಳಿಗೆಗೆ ಎರಡು ದಿನದಿಂದ ಕಾದಿದ್ದೆ. ಅವರು ಸೋತಿದ್ದರು, ಅವ್ವನ ಎದುರೇ.

ಅವ್ವ ಅವರನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

"ನೀನೂ ಅಲ್ಲೇ ಇದ್ದೆಯಲ್ಲಮ್ಮಿ."

ನನ್ನ ಬಳಿ ಮೂರು ಅಂಶಗಳಿದ್ದವು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅತ್ತಿಗೆಯೇ ನಡುವೆ ಬಂದು, "ಅವರು ಬಾಗಿಲ ಹತ್ರ ಇದ್ರು ಅತ್ತೆ, ಸರಿಯಾಗಿ ಕೇಳಿಸಿರಲ್ಲ. ತಪ್ಪು ನಂದೇ" ಅಂದರು.

ಒಂದು ಕ್ಷಣ ಅದನ್ನು ಒಪ್ಪಿಕೊಂಡುಬಿಡೋಣ ಅನ್ನಿಸಿತು. ಒಪ್ಪಿಕೊಂಡಿದ್ದರೆ ಆ ಋಣವನ್ನು ಜೀವನಪೂರ್ತಿ ಹೊರಬೇಕಾಗುತ್ತಿತ್ತು. ಅವರು ನನ್ನ ಬಗ್ಗೆ ಒಳ್ಳೆಯದನ್ನು ನಂಬಿದ್ದರೋ, ಅಥವಾ ಎಲ್ಲ ಗೊತ್ತಿದ್ದೂ ನನ್ನನ್ನು ಉಳಿಸುತ್ತಿದ್ದರೋ, ಇವತ್ತಿಗೂ ನನಗೆ ತಿಳಿದಿಲ್ಲ. ಎರಡರಲ್ಲಿ ಯಾವುದಾದರೂ ಅವರೇ ಮೇಲೆ.

"ಕೇಳಿಸಿತ್ತು" ಅಂದೆ. "ಅರ್ಥವೂ ಆಗಿತ್ತು. ಬೇಕಂತಲೇ ಹೇಳಲಿಲ್ಲ."

ಎಲೆಕ್ಟ್ರಿಷಿಯನ್ ತನ್ನ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಅವ್ವ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಮರುವಾದಕ್ಕೆ ಜಾಗ ಸಿಗುತ್ತಿತ್ತು. ಅವಳು ಕೇಳಿದ್ದು ಒಂದೇ.

"ನನ್ ಕಣ್ಣು ನೋಯ್ತದ ಅಂತ ಗೊತ್ತಿರ್ನಿಲ್ವಮ್ಮಿ ನಿಂಗೆ?"

ನಿಜ ಹೇಳಬೇಕೆಂದರೆ, ಆ ಎರಡು ದಿನದಲ್ಲಿ ಅವ್ವನ ಕಣ್ಣು ನನ್ನ ನೆನಪಿಗೇ ಬಂದಿರಲಿಲ್ಲ. ಅತ್ತಿಗೆ ಬಂದಿದ್ದರು, ನಾನು ಬಂದಿದ್ದೆ, ಅವ್ವನ ಮೆಚ್ಚುಗೆ ಬಂದಿತ್ತು. ಹನ್ನೆರಡು ಲೈಟಿನ ಕೆಳಗೆ ದಿನಾ ಕೂರಬೇಕಾದ ಆ ಕಣ್ಣು ಮಾತ್ರ ನನ್ನ ಯಾವ ಅಂಶದಲ್ಲೂ ಇರಲಿಲ್ಲ.

ಮರುದಿನ ನಾನು ಕಾಲೇಜಿಗೆ ರಜೆ ಹಾಕಿ ಎಲೆಕ್ಟ್ರಿಷಿಯನ್‌ನನ್ನು ಮತ್ತೆ ಕರೆಸಿದೆ. ತೂತುಗಳನ್ನು ಚಿಕ್ಕದು ಮಾಡಲಾಗುವುದಿಲ್ಲ, ಆದರೆ ವಯರಿಂಗನ್ನು ಮೂರು ಸಾಲಾಗಿ ಒಡೆಯಬಹುದು ಅಂದ. ಒಂದೊಂದು ಸಾಲಿಗೆ ನಾಲ್ಕು ಲೈಟು, ಒಂದು ಸ್ವಿಚ್ಚು. ಅವನು ಮೇಲೆ ಕೆಲಸ ಮಾಡುವಷ್ಟು ಹೊತ್ತೂ ನಾನು ಏಣಿ ಹಿಡಿದುಕೊಂಡು ನಿಂತೆ. ಗೋಡೆ ಪಕ್ಕದ ಒಂದು ಸಾಲು ಮಾತ್ರ ಈಗ ಹೊತ್ತುತ್ತದೆ, ಉಳಿದ ಎರಡು ನೆಂಟರಿಷ್ಟರು ಬಂದಾಗ. ಅವ್ವನ ಎಡಗಣ್ಣಿಗೂ ಆಪರೇಷನ್ ಆಯಿತು. ಆ ಸಲ ಆಸ್ಪತ್ರೆಗೆ ನಾನು ಹೋದೆ, ಡಾಕ್ಟರನ್ನು ಏನೂ ಕೇಳಲಿಲ್ಲ. ನಾನು ಹಾಕುವ ಡ್ರಾಪ್ಸ್ ಅರ್ಧ ಕೆನ್ನೆಗೆ ಬೀಳುತ್ತದೆ ಎಂದು ಅವ್ವ ದೂರಿದಳು, ಸೊಸೆ ಹಾಕಿದರೆ ಬೀಳುವುದಿಲ್ಲವಂತೆ.

ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆದರೆ ಅದು 'ನಿಮಗೇ ಕೇಳಿಸ್ತಲ್ಲ' ಅಂದ ಆವತ್ತಿನ ನನ್ನ ವಾಕ್ಯದ ಜಾತಿಗೇ ಸೇರುತ್ತದೆ. ಹೋಗಿಲ್ಲ. ಕಪ್‌ಗಳು, ಪೊಟ್ಟಣ, ನಾಲ್ಕು ಸಾವಿರ, ಇವೆಲ್ಲ ನೆಪ ಎಂದು ನನಗೆ ಈಗ ಗೊತ್ತು. ಆ ಮನೆಯಲ್ಲಿ ಅವ್ವನದೂ ನನ್ನದೂ ಮಾತ್ರ ಆಗಿದ್ದದ್ದು 'ದೊಡ್ಡದು ಮಾಡು' ಎಂಬ ಎರಡು ಪದ. ಅದನ್ನು ಅವರಿಗೆ ಹೇಳಿಕೊಡಲು ನನಗೆ ಮನಸ್ಸಾಗಲಿಲ್ಲ, ಅಷ್ಟೇ. ಈಗ ಅವರಿಗೂ ಗೊತ್ತು. ಮೈಸೂರಿನಿಂದ ಅವರ ತಂಗಿ ಬಂದಾಗ, "ಲೈಟು ಆರಿಸು ಅನ್ನಬಾರದು ಕಣೇ, ದೊಡ್ಡದು ಮಾಡು ಅನ್ನಬೇಕು" ಎಂದು ನಮ್ಮವ್ವನ ಧಾಟಿಯಲ್ಲೇ ಹೇಳಿಕೊಟ್ಟದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡೆ.

ಕುರ್ಚಿಗಳು ಮೊದಲಿನ ಜಾಗಕ್ಕೆ ಬಂದಿವೆ. ಮೊನ್ನೆ ಸಂಜೆ ಟಿವಿ ಮುಗಿದ ಮೇಲೆ ಅವ್ವ ತಲೆ ಎತ್ತಿದಳು. ಅತ್ತಿಗೆ ನೀರು ತರಲು ಎದ್ದವರು ಸ್ವಿಚ್‌ಬೋರ್ಡಿನ ಹತ್ತಿರವೇ ಇದ್ದರು, ಕೈಯೂ ಮುಂದಕ್ಕೆ ಹೋಗಿತ್ತು. ನನ್ನನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಕೂತಲ್ಲಿಂದಲೇ ಕೈ ಚಾಚಿ ಲೈಟು ದೊಡ್ಡದು ಮಾಡಿದೆ. ಅವರು ಬಿಟ್ಟುಕೊಟ್ಟರು ಎಂಬುದು ಕತ್ತಲಲ್ಲೂ ನನ್ನನ್ನು ಚುಚ್ಚುತ್ತಿತ್ತು.